ಮೇಲಿನ ಲ್ಯಾಪ್‌ಟಾಪ್, ಕೆಳಗಿನ ಪ್ರಿಂಟರ್

ಹಾಸನದಲ್ಲಿರುವ ನಮ್ಮ ಭಾವ ಪತ್ರ ಬರಹಗಾರರು. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಅಲ್ಲೊಂದು ಹಳೆಯ ಡೆಸ್ಕ್‌ಟಾಪ್, ಯುಎಸ್‌ಬಿ ಕೇಬಲ್ಲಿನಿಂದ ಅದಕ್ಕೆ ಜೋಡಿಸಿದ ಲೇಸರ್ ಪ್ರಿಂಟರ್. ಮಹಡಿಯಲ್ಲಿ ಅಕ್ಕನ ಮಗಳ ಲ್ಯಾಪ್‌ಟಾಪ್. ಕಾಲೇಜಿನ ಅಸೈನ್‌ಮೆಂಟ್ ಪ್ರಿಂಟ್ ಬೇಕಾದಾಗಲೆಲ್ಲ ಅವಳು ಪೆನ್‌ಡ್ರೈವ್ ಹಿಡಿದು ಕೆಳಗಿಳಿಯಬೇಕು. ರಾತ್ರಿ ಭಾವನವರ ಕರಡುಗಳನ್ನು ತಿದ್ದಿಕೊಡುವವಳೂ ಅವಳೇ. ಹಾಗಾಗಿ ಅದೇ ಪೆನ್‌ಡ್ರೈವ್ ಮತ್ತೆ ಮೆಟ್ಟಿಲು ಹತ್ತಬೇಕು. ಹೀಗೆ ಹತ್ತಿ ಇಳಿಯುವುದರಲ್ಲಿ ಒಂದೇ ಬಾಡಿಗೆ ಕರಾರಿಗೆ ಮೂರು ಪ್ರತಿಗಳು ಹುಟ್ಟಿಕೊಂಡವು. ಒಂದು ದಿನ ತಿದ್ದದ ಕರಡೇ ಇ-ಸ್ಟಾಂಪ್ ಕಾಗದದ ಮೇಲೆ ಅಚ್ಚಾಯಿತು. ಅದರಲ್ಲಿದ್ದದ್ದು ಹಳೆಯ ಬಾಡಿಗೆ ಮೊತ್ತ. ಕಟ್ಟಿದ ಶುಲ್ಕ ದಂಡವಾಯಿತು, ಬಂದು ಕೂತಿದ್ದ ಕಕ್ಷಿದಾರರ ಮುಂದೆ ಭಾವನವರಿಗೆ ತಲೆ ಎತ್ತಲಾಗಲಿಲ್ಲ.

ಆವತ್ತು ಸಂಜೆ ಹುಡುಗಿ ಫೋನ್ ಮಾಡಿದಳು. "ಮಾಮ, ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿವೆ. ಫೋಲ್ಡರ್ ಶೇರ್ ಮಾಡಿದ್ದೀನಿ. ಆದರೂ ಯೂಸರ್‌ನೇಮ್, ಪಾಸ್‌ವರ್ಡ್ ಕೇಳ್ತಿದೆ. ಅಪ್ಪನ ಕಂಪ್ಯೂಟರಿಗೆ ಪಾಸ್‌ವರ್ಡೇ ಇಲ್ವಲ್ಲ, ಏನಂತ ಹಾಕಲಿ?"

ತೊಂದರೆಯ ಮೂಲ ಅವಳ ಕೊನೆಯ ಮಾತಿನಲ್ಲೇ ಇತ್ತು. ನೆಂಟರಿಷ್ಟರ ಮನೆಗಳಲ್ಲಿ ಇಂಥ ಜೋಡಣೆಗಳನ್ನು ಸರಿಮಾಡುತ್ತ ಬಂದ ನನಗೆ ಒಂದು ವಿಷಯ ಖಚಿತವಾಗಿದೆ. ಎರಡು ಕಂಪ್ಯೂಟರುಗಳು ಮಾತಾಡದಿದ್ದರೆ ಜನ ಮೊದಲು ದೂರುವುದು ವೈಫೈಯನ್ನು. ರೂಟರ್ ಆರಿಸಿ ಹಚ್ಚುತ್ತಾರೆ, ಕೇಬಲ್ ಬದಲಿಸುತ್ತಾರೆ. ಆದರೆ ಹೆಚ್ಚಿನ ಸಲ ದಾರಿ ಸರಿಯಾಗಿಯೇ ಇರುತ್ತದೆ, ಗುರುತು ಸರಿ ಇರುವುದಿಲ್ಲ.

ಫೈಲು, ಪ್ರಿಂಟರುಗಳನ್ನು ಹಂಚಿಕೊಳ್ಳಲು ವಿಂಡೋಸ್ ಬಳಸುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1983ರಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ್ದು. ಒಂದು ಕಂಪ್ಯೂಟರ್ ತನ್ನ ಫೋಲ್ಡರನ್ನೋ ಪ್ರಿಂಟರನ್ನೋ ಹಂಚಲು ತೆರೆದಿಡುತ್ತದೆ, ಇನ್ನೊಂದು ಬಂದು ಕೇಳುತ್ತದೆ. ಕೊಡುವುದನ್ನು ಯಜಮಾನ ಯಂತ್ರ ಎನ್ನೋಣ, ಕೇಳುವುದನ್ನು ಅತಿಥಿ ಯಂತ್ರ. ಹಳ್ಳಿಮನೆಗೆ ಯಾರಾದರೂ ಬಂದರೆ ಆಗುವುದೇ ಇಲ್ಲೂ ಆಗುತ್ತದೆ. ಬರುವವರಿಗೆ ದಾರಿ ಇರಬೇಕು. ಬಾಗಿಲು ತೆರೆದಿರಬೇಕು. "ಯಾರು?" ಎಂದು ಒಳಗಿನವರು ಕೇಳಿದಾಗ ಹೇಳಲು ಹೆಸರಿರಬೇಕು. ಹೆಸರು ಹೇಳಿ ಒಳಗೆ ಬಂದ ಮೇಲೂ ಜಗಲಿಯಲ್ಲೇ ಕೂರಬೇಕೋ ಅಡುಗೆಮನೆಗೂ ಹೋಗಬಹುದೋ ಎಂಬುದು ಬೇರೆ ಮಾತು. ಕೆಟ್ಟದ್ದನ್ನು ಹುಡುಕುವಾಗಲೂ ಇದೇ ಕ್ರಮದಲ್ಲಿ ಹೋಗಬೇಕು. ಕ್ರಮ ಬಿಟ್ಟು ಕಂಡ ಸ್ವಿಚ್ಚುಗಳನ್ನೆಲ್ಲ ತಿರುಗಿಸಿದರೆ ಕೊನೆಗೆ ಯಾವುದರಿಂದ ಸರಿಹೋಯಿತು ಎಂಬುದೂ ತಿಳಿಯುವುದಿಲ್ಲ, ಯಾವುದನ್ನು ಅಪಾಯಕ್ಕೆ ತೆರೆದಿಟ್ಟೆವು ಎಂಬುದೂ ತಿಳಿಯುವುದಿಲ್ಲ.

ದಾರಿ ಇದೆಯೇ?

ಎರಡೂ ಯಂತ್ರಗಳಲ್ಲಿ ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ಸಿಎಂಡಿ ಎಂದು ಮೂರಕ್ಷರ ಹೊಡೆದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಐಪಿಕಾನ್ಫಿಗ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಐಪಿವಿ4 ವಿಳಾಸದ ಸಾಲಿನಲ್ಲಿ 192.168.1.20 ಎಂಬಂಥ ನಾಲ್ಕು ತುಂಡಿನ ಸಂಖ್ಯೆ ಕಾಣುತ್ತದೆ. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ತುಂಡು ಎರಡೂ ಯಂತ್ರಗಳಲ್ಲಿ ಒಂದೇ ಇರಬೇಕು, ಕೊನೆಯದು ಮಾತ್ರ ಬೇರೆಯಿರಬೇಕು. 169.254 ಎಂದು ಶುರುವಾಗಿದ್ದರೆ ಆ ಯಂತ್ರಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಆಗ ಹಂಚಿಕೆಯ ಮಾತು ಬಿಟ್ಟು ಮೊದಲು ಅದರ ವೈಫೈ ಅಥವಾ ಕೇಬಲ್ ಸರಿಮಾಡಿ.

ಮೂರನೆಯ ತುಂಡು ಬೇರೆಯಿದ್ದರೆ? ಈಚೆಗೆ ಇದನ್ನು ಬಹಳ ಮನೆಗಳಲ್ಲಿ ಕಾಣುತ್ತಿದ್ದೇನೆ. ಫೈಬರ್ ಸಂಪರ್ಕ ಕೊಟ್ಟವರು ಇಟ್ಟುಹೋದ ಡಬ್ಬಿ ಕೆಳಗಿರುತ್ತದೆ. ಮಹಡಿಗೆ ಸಿಗ್ನಲ್ ಬರುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಮೇಲೆ ಇಟ್ಟಿರುತ್ತಾರೆ. ಇಂಟರ್ನೆಟ್ ಎರಡರಲ್ಲೂ ಬರುವುದರಿಂದ ಎಲ್ಲ ಒಂದೇ ಎಂದು ತೋರುತ್ತದೆ. ಆದರೆ ಎರಡನೆಯ ರೂಟರ್ ತನ್ನ ಹಿಂದೆ ತನ್ನದೇ ಒಂದು ಕೇರಿ ಕಟ್ಟಿಕೊಂಡಿರುತ್ತದೆ. ಮೇಲಿನ ಲ್ಯಾಪ್‌ಟಾಪಿನಿಂದ ಕೆಳಗಿನ ಕಂಪ್ಯೂಟರಿನ ವಿಳಾಸ ಹೊಡೆದರೆ ಒಮ್ಮೊಮ್ಮೆ ಸಿಕ್ಕಿಬಿಡುತ್ತದೆ. ಕೆಳಗಿನಿಂದ ಮೇಲಕ್ಕೆ ಮಾತ್ರ ಸಿಗುವುದಿಲ್ಲ. ಒಂದು ಕಡೆಗೆ ಕೆಲಸ ಮಾಡಿ ಇನ್ನೊಂದು ಕಡೆಗೆ ಮಾಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಮೇಲಿನ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿದರೆ ಎರಡು ಕೇರಿ ಒಂದಾಗುತ್ತವೆ. ಆ ಸೌಲಭ್ಯ ಇಲ್ಲದ ರೂಟರಾದರೆ ಅದಕ್ಕೆ ಕೆಳಗಿನದರ ಕೇರಿಯಲ್ಲೇ ಇನ್ನೂ ಯಾರಿಗೂ ಕೊಡದ ಒಂದು ವಿಳಾಸ ಕೊಟ್ಟು, ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ನಿಲ್ಲಿಸಿ, ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ತೂತಿನ ಬದಲು ಲ್ಯಾನ್ ತೂತಿಗೆ ಚುಚ್ಚಬೇಕು.

ಗೆಸ್ಟ್ ವೈಫೈ ಇನ್ನೊಂದು ಬಲೆ. ಬಂದವರಿಗೆಂದು ಬೇರೆ ಹೆಸರಿನಲ್ಲಿ ತೆರೆದ ವೈಫೈನಲ್ಲಿರುವ ಸಾಧನಗಳು ಮನೆಯ ಉಳಿದ ಸಾಧನಗಳನ್ನು ಮುಟ್ಟದಂತೆ ರೂಟರೇ ತಡೆಯುತ್ತದೆ, ಅದಿರುವುದೇ ಅದಕ್ಕೆ. ಲ್ಯಾಪ್‌ಟಾಪ್ ಎಂದೋ ಅದಕ್ಕೆ ಸೇರಿ ಅಲ್ಲೇ ಉಳಿದಿರಬಹುದು. ಕಾಲೇಜಿಗೋ ಕಂಪನಿಗೋ ಬೇಕೆಂದು ಹಾಕಿಕೊಂಡ ವಿಪಿಎನ್ ಚಾಲೂ ಇದ್ದರೂ ಮನೆಯೊಳಗಿನ ದಾರಿ ಮುಚ್ಚಬಹುದು.

ದಾರಿ ಪರೀಕ್ಷಿಸಲು ಪಿಂಗ್ ಎಂಬ ಆದೇಶವಿದೆ. ಇದರಲ್ಲಿ ಬಹಳ ಜನ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಇನ್ನೊಂದು ಕಂಪ್ಯೂಟರಿಗೆ ಪಿಂಗ್ ಮಾಡಿ ಉತ್ತರ ಬರದಿದ್ದರೆ ದಾರಿಯೇ ಇಲ್ಲ ಎಂದುಕೊಳ್ಳುತ್ತಾರೆ. ವಿಂಡೋಸಿನ ಫೈರ್‌ವಾಲಿನಲ್ಲಿ ಪಿಂಗಿಗೆ ಉತ್ತರಿಸುವ ನಿಯಮವೂ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಗುಂಪಿನಲ್ಲೇ ಇದೆ. ಹಂಚಿಕೆ ಆರಿಸಿಟ್ಟ ಯಂತ್ರ ಪಿಂಗಿಗೂ ಸುಮ್ಮನಿರುವುದು ಸಹಜ. ಆದ್ದರಿಂದ ಎರಡೂ ಯಂತ್ರಗಳಿಂದ ಮೊದಲು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ. ಐಪಿಕಾನ್ಫಿಗ್ ತೋರಿಸಿದ ಪಟ್ಟಿಯಲ್ಲಿ ಡೀಫಾಲ್ಟ್ ಗೇಟ್‌ವೇ ಎಂದಿರುವುದೇ ಅದು. ಎರಡೂ ಕಡೆ ಉತ್ತರ ಬಂದು, ಎರಡರ ವಿಳಾಸವೂ ಒಂದೇ ಕೇರಿಯದಾಗಿದ್ದು, ಯಾವುದೂ ಗೆಸ್ಟ್ ವೈಫೈನಲ್ಲಿ ಇಲ್ಲದಿದ್ದರೆ ದಾರಿ ಸರಿಯಿದೆ ಎಂದುಕೊಂಡು ಮುಂದಕ್ಕೆ ಹೋಗಬಹುದು.

ಬಾಗಿಲು ತೆರೆದಿದೆಯೇ?

ವಿಂಡೋಸ್ ಪ್ರತಿಯೊಂದು ನೆಟ್‌ವರ್ಕನ್ನೂ ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತು ಹಾಕಿಕೊಳ್ಳುತ್ತದೆ. ಪಬ್ಲಿಕ್ ಎಂದರೆ ಬಸ್‌ಸ್ಟ್ಯಾಂಡು, ಹೋಟೆಲು ಇದ್ದ ಹಾಗೆ, ಅಲ್ಲಿ ಯಾರಿಗೂ ಮುಖ ತೋರಿಸಬೇಡ ಎಂಬ ಲೆಕ್ಕ. ಹೊಸ ವೈಫೈಗೆ ಸೇರಿದಾಗ ವಿಂಡೋಸ್ 11 ತಾನಾಗಿ ಪಬ್ಲಿಕ್ ಎಂದೇ ಹಿಡಿಯುತ್ತದೆ. ರೂಟರ್ ಬದಲಿಸಿದರೆ ಅದಕ್ಕದು ಹೊಸ ಊರು. ಹೋದ ವಾರದವರೆಗೆ ನಡೆಯುತ್ತಿದ್ದ ಹಂಚಿಕೆ ಹೊಸ ರೂಟರ್ ಬಂದ ದಿನವೇ ನಿಂತುಹೋಗುವುದು ಇದರಿಂದಲೇ. ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅಲ್ಲಿ ವೈಫೈ ಅಥವಾ ಎತರ್ನೆಟ್, ಅದರ ಪ್ರಾಪರ್ಟೀಸ್, ಹೀಗೆ ಹೋಗಿ ಎರಡೂ ಯಂತ್ರಗಳಲ್ಲಿ ಪ್ರೈವೇಟ್ ಆರಿಸಿ. ನಂತರ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್ ಪುಟದಲ್ಲಿ ಪ್ರೈವೇಟ್ ವಿಭಾಗದ ಕೆಳಗೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಲ್ಯಾಪ್‌ಟಾಪನ್ನು ಹೊರಗೆ ಒಯ್ಯುವವರು ಪಬ್ಲಿಕ್ ವಿಭಾಗವನ್ನು ಮುಟ್ಟಬೇಡಿ.

ಇಷ್ಟಾದರೂ ಫೈಲ್ ಎಕ್ಸ್‌ಪ್ಲೋರರಿನ ನೆಟ್‌ವರ್ಕ್ ಕಿಟಕಿ ಖಾಲಿ ಕಾಣಬಹುದು. ಅದನ್ನು ನೋಡಿ ಕೈಬಿಡಬೇಡಿ. ಆ ಕಿಟಕಿ ಅಕ್ಕಪಕ್ಕದವರ ಹೆಸರಿನ ಪಟ್ಟಿ ಅಷ್ಟೇ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ವಿಳಾಸ ಗೊತ್ತಿದ್ದರೆ ಮನೆಗೆ ಹೋಗಬಹುದು. ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ತೆರೆದ ಚಿಕ್ಕ ಪೆಟ್ಟಿಗೆಯಲ್ಲಿ \\192.168.1.20 ಎಂದು ಯಜಮಾನ ಯಂತ್ರದ ವಿಳಾಸ ಬರೆಯಿರಿ. ಮೊದಲಿರುವವು ಎಡಕ್ಕೆ ವಾಲಿದ ಎರಡು ಬ್ಯಾಕ್‌ಸ್ಲ್ಯಾಶ್. ವೆಬ್ ವಿಳಾಸದಲ್ಲಿ ಬರುವ, ಬಲಕ್ಕೆ ವಾಲಿದ ಗೆರೆಗಳಲ್ಲ. ಈ ಒಂದು ಗೆರೆಯ ತಪ್ಪಿಗೆ ಅರ್ಧ ಗಂಟೆ ಕಳೆದವರನ್ನು ನೋಡಿದ್ದೇನೆ. ಪಟ್ಟಿಯಲ್ಲೂ ಹೆಸರು ಕಾಣಲೇಬೇಕೆಂದರೆ ಯಜಮಾನ ಯಂತ್ರದ ಸರ್ವೀಸಸ್ ಕಿಟಕಿಗೆ ಹೋಗಿ ಫಂಕ್ಷನ್ ಡಿಸ್ಕವರಿ ಎಂದು ಶುರುವಾಗುವ ಎರಡು ಸೇವೆಗಳನ್ನು ಆಟೋಮ್ಯಾಟಿಕ್‌ಗೆ ಬದಲಿಸಿ.

80070035 ಎಂದು ಮುಗಿಯುವ ಸಂಖ್ಯೆಯ ಜೊತೆ ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬ ದೂರು ಬಂದರೆ ನೀವಿನ್ನೂ ಬಾಗಿಲ ಹೊರಗೇ ಇದ್ದೀರಿ. ಹಂಚಿಕೆ ಆನ್ ಆಗಿಲ್ಲ, ನೆಟ್‌ವರ್ಕ್ ಪಬ್ಲಿಕ್ಕಿಗೆ ಮರಳಿದೆ, ಅಥವಾ ಹೊರಗಿನ ಆ್ಯಂಟಿವೈರಸ್ಸೊಂದು ತನ್ನದೇ ಫೈರ್‌ವಾಲ್ ಹಾಕಿ 445ನೇ ಪೋರ್ಟನ್ನು ಮುಚ್ಚಿದೆ. ಎಸ್‌ಎಂಬಿ ಓಡಾಡುವುದು ಆ ಪೋರ್ಟಿನಲ್ಲೇ. ಹಾಗಿದ್ದರೆ ಆ ಆ್ಯಂಟಿವೈರಸ್ಸಿನ ಸೆಟ್ಟಿಂಗಿನಲ್ಲಿ ಮನೆಯ ನೆಟ್‌ವರ್ಕನ್ನು ನಂಬಿಕಸ್ಥ ಎಂದು ಗುರುತಿಸಿ. ಇದಕ್ಕೆ ಬದಲಾಗಿ ಯೂಸರ್‌ನೇಮ್ ಕೇಳುವ ಪೆಟ್ಟಿಗೆ ಬಂದರೆ ಸಂತೋಷಪಡಿ. ದಾರಿಯೂ ಇದೆ, ಬಾಗಿಲೂ ತೆರೆದಿದೆ, ಒಳಗಿನವರು ಮಾತಾಡಿಸುತ್ತಿದ್ದಾರೆ.

ಯಾರು ನೀವು?

ನಮ್ಮ ಹುಡುಗಿ ನಿಂತಿದ್ದು ಇಲ್ಲೇ. ಭಾವನವರ ಡೆಸ್ಕ್‌ಟಾಪಿಗೆ ಪಾಸ್‌ವರ್ಡ್ ಇರಲಿಲ್ಲ. ಒತ್ತಿದರೆ ತೆರೆಯಬೇಕು, ಮನೆಯೊಳಗಿನ ಯಂತ್ರಕ್ಕೆ ಬೀಗವೇಕೆ ಎಂಬುದು ಅವರ ವಾದ. ಪಾಸ್‌ವರ್ಡ್ ಇಲ್ಲದಿದ್ದರೆ ನೆಟ್‌ವರ್ಕಿನಿಂದ ಬರುವುದೂ ಸುಲಭ ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜ ತದ್ವಿರುದ್ಧ. ಪಾಸ್‌ವರ್ಡ್ ಖಾಲಿ ಇರುವ ಖಾತೆಯನ್ನು ವಿಂಡೋಸ್ ಎದುರಿಗೆ ಕೂತು ಕೀಬೋರ್ಡ್ ಮುಟ್ಟುವವರಿಗೆ ಮಾತ್ರ ಬಿಡುತ್ತದೆ. ನೆಟ್‌ವರ್ಕಿನಿಂದ ಬಂದು ಅದೇ ಹೆಸರು ಹೇಳಿದರೆ ಒಳಗೆ ಬಿಡುವುದಿಲ್ಲ. ಇದು ದೋಷವಲ್ಲ, ವಿಂಡೋಸ್ ತಾನಾಗಿ ಜಾರಿಯಲ್ಲಿಟ್ಟಿರುವ ನಿಯಮ. ಬೀಗವಿಲ್ಲದ ಖಾತೆ ಹೊರಗಿನವರ ಕೈಗೆ ಸಿಗಬಾರದು ಎಂಬ ಕಾಳಜಿ ಅದರ ಹಿಂದಿದೆ.

ಎರಡನೆಯ ಗೊಂದಲ ಪಿನ್‌ನದು. ದಿನಾ ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುವವರು ನೆಟ್‌ವರ್ಕ್ ಕೇಳಿದಾಗಲೂ ಅದನ್ನೇ ಒತ್ತುತ್ತಾರೆ. ಪಿನ್ ಆಯಾ ಯಂತ್ರಕ್ಕಷ್ಟೇ ಸೀಮಿತ, ತಂತಿಯ ಮೇಲೆ ಅದಕ್ಕೆ ಬೆಲೆಯಿಲ್ಲ. ಬೆರಳಚ್ಚು, ಮುಖ ತೋರಿಸುವುದು ಕೂಡ ಹಾಗೆಯೇ. ನೆಟ್‌ವರ್ಕಿನಲ್ಲಿ ನಡೆಯುವುದು ಖಾತೆಯ ನಿಜವಾದ ಪಾಸ್‌ವರ್ಡ್. ಅದೂ ಯಜಮಾನ ಯಂತ್ರದಲ್ಲಿರುವ ಖಾತೆಯದು, ನೀವು ಕೂತಿರುವ ಯಂತ್ರದ್ದಲ್ಲ. ಮೈಕ್ರೋಸಾಫ್ಟ್ ಖಾತೆಯಾದರೆ ಹೆಸರಿನ ಜಾಗಕ್ಕೆ ಪೂರ್ತಿ ಇಮೇಲ್ ವಿಳಾಸ ಬರೆಯಬೇಕು.

ಹಳಬರಿಗೆ ಇದೆಲ್ಲ ಕಿರಿಕಿರಿ ಅನ್ನಿಸುವುದು ಸಹಜ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದವರನ್ನೆಲ್ಲ ಗೆಸ್ಟ್ ಎಂದು ಒಳಬಿಡುವ ಸರಳ ಹಂಚಿಕೆ ಇತ್ತು. 2009ರ ವಿಂಡೋಸ್ 7ರಲ್ಲಿ ಬಂದ ಹೋಮ್‌ಗ್ರೂಪ್‌ನಲ್ಲಿ ಒಂದೇ ಪಾಸ್‌ವರ್ಡ್ ಎಲ್ಲ ಯಂತ್ರಗಳಿಗೂ ಸಾಕಾಗುತ್ತಿತ್ತು. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದುಹಾಕಿದರು. ಈಗಲೂ ಸಲಹೆ ಕೇಳಿದರೆ ಅನೇಕರು ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿಬಿಡಿ ಎನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಮನೆಯ ವೈಫೈ ಪಾಸ್‌ವರ್ಡ್ ಪಕ್ಕದ ಮನೆ ಹುಡುಗರಿಗೂ ಗೊತ್ತಿರುತ್ತದೆ. ಜನರ ಆಧಾರ್ ಸಂಖ್ಯೆ, ಜಮೀನಿನ ಸರ್ವೆ ನಂಬರ್ ಇರುವ ಪತ್ರಗಳನ್ನು ಎಲ್ಲರಿಗೂ ತೆರೆದಿಡುವುದು ಸರಿಯಲ್ಲ. ಅಲ್ಲದೆ ಈ ಉಪಾಯ ಈಗ ಎಲ್ಲ ಕಡೆ ನಡೆಯುವುದೂ ಇಲ್ಲ. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಬಗೆಯಲ್ಲಿ, ಪ್ರತಿ ಸಂದೇಶಕ್ಕೂ ಗುರುತಿನ ಸಹಿ ಇರಬೇಕು ಎಂಬ ನಿಯಮ ಬಂದಿದೆ. ಗೆಸ್ಟ್ ಎಂದು ಬಂದವರು ಸಹಿ ಹಾಕಲಾರರು. ಹಾಗಾಗಿ ನಿನ್ನೆಯವರೆಗೆ ಪಾಸ್‌ವರ್ಡಿಲ್ಲದೆ ತೆರೆಯುತ್ತಿದ್ದ ಫೋಲ್ಡರ್ ಒಂದು ಅಪ್‌ಡೇಟ್ ಆದ ಮೇಲೆ ಮುಚ್ಚಿಕೊಂಡಿತು ಎಂದು ಹಲವರಿಗೆ ಅನುಭವವಾಗಿದೆ.

ನಾನು ಮಾಡಿಸಿದ್ದು ಇಷ್ಟೇ. ಭಾವನವರ ಡೆಸ್ಕ್‌ಟಾಪಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್. ಇಮೇಲ್ ಕೇಳಿದಾಗ ಈ ವ್ಯಕ್ತಿಯ ವಿವರ ನನ್ನ ಬಳಿ ಇಲ್ಲ ಎಂಬ ಸಾಲನ್ನು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದ ಬಳಕೆದಾರ ಎಂಬುದನ್ನು ಆರಿಸಿದಳು. ಹೆಸರಿಗೆ ಇಂಗ್ಲಿಷಿನಲ್ಲಿ ಮನೆ ಎಂದು ಬರೆದು ಗಟ್ಟಿಯಾದ ಒಂದು ಪಾಸ್‌ವರ್ಡ್ ಕೊಟ್ಟಳು. ಆ ಖಾತೆಯಲ್ಲಿ ಯಾರೂ ಲಾಗಿನ್ ಆಗಿ ಕೂರಬೇಕಿಲ್ಲ, ಅದಿರುವುದು ನೆಟ್‌ವರ್ಕಿನ ಗುರುತಿಗಾಗಿ. ಭಾವನವರು ಮೊದಲಿನ ಹಾಗೆಯೇ ಪಾಸ್‌ವರ್ಡಿಲ್ಲದೆ ಕೂತರು. ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆ ಬಂದಾಗ ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ಮನೆ ಎಂದು ಸೇರಿಸಿ ಬರೆಯಲು ಹೇಳಿದೆ. ಹೀಗೆ ಯಂತ್ರದ ಹೆಸರೂ ಸೇರಿದ್ದರೆ ಯಾವ ಕಂಪ್ಯೂಟರಿನ ಖಾತೆ ಎಂಬ ಗೊಂದಲ ಇರುವುದಿಲ್ಲ. ನೆನಪಿಟ್ಟುಕೋ ಎಂಬ ಚೌಕಕ್ಕೆ ಟಿಕ್ ಹಾಕಿದಳು. ಫೋಲ್ಡರ್ ತೆರೆಯಿತು.

ಎಲ್ಲ ಸರಿಯಿದ್ದೂ ಒಪ್ಪದಿದ್ದರೆ ಅತಿಥಿ ಯಂತ್ರ ಹಳೆಯ ತಪ್ಪು ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡು ನಿಮ್ಮನ್ನು ಕೇಳದೆ ಕೊಡುತ್ತಿರಬಹುದು. ಕಂಟ್ರೋಲ್ ಪ್ಯಾನೆಲಿನ ಕ್ರೆಡೆನ್ಶಿಯಲ್ ಮ್ಯಾನೇಜರ್, ಅದರಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್ ತೆರೆದು ಆ ಕಂಪ್ಯೂಟರಿನ ಹೆಸರಿರುವ ಸಾಲನ್ನು ಅಳಿಸಿ. ಒಂದೇ ಯಜಮಾನ ಯಂತ್ರಕ್ಕೆ ಒಂದೇ ಹೊತ್ತಿನಲ್ಲಿ ಎರಡು ಬೇರೆ ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಆದ್ದರಿಂದ ಅಳಿಸಿದ ಮೇಲೆ ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಹೊಸದಾಗಿ ಪ್ರಯತ್ನಿಸಿ.

ಒಳಗೆ ಬಂದ ಮೇಲಿನ ಅನುಮತಿಯ ಮಾತು ಚಿಕ್ಕದು. ಫೋಲ್ಡರಿಗೆ ಎರಡು ಕಾವಲುಗಳಿವೆ, ಶೇರಿಂಗ್ ಟ್ಯಾಬಿನದೊಂದು, ಸೆಕ್ಯುರಿಟಿ ಟ್ಯಾಬಿನದೊಂದು. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಒಂದರಲ್ಲಿ ಪೂರ್ತಿ ಅಧಿಕಾರ ಕೊಟ್ಟು ಇನ್ನೊಂದನ್ನು ಮರೆತರೆ ಫೈಲ್ ಓದಲು ಬರುತ್ತದೆ, ಉಳಿಸಲು ಬರುವುದಿಲ್ಲ. ಅಡ್ವಾನ್ಸ್ಡ್ ಶೇರಿಂಗ್‌ಗೆ ಹೋಗದೆ ಬರೀ ಶೇರ್ ಎಂಬ ಗುಂಡಿ ಒತ್ತಿ, ಮನೆ ಖಾತೆಯನ್ನು ಸೇರಿಸಿ, ರೀಡ್/ರೈಟ್ ಕೊಟ್ಟರೆ ಎರಡೂ ಕಾವಲು ಒಟ್ಟಿಗೆ ಸರಿಹೋಗುತ್ತವೆ. ಪೂರ್ತಿ ಡ್ರೈವನ್ನು ಹಂಚಬೇಡಿ, ಇದಕ್ಕೆಂದೇ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಯಾವುದೋ ಒಂದು ಫೈಲ್ ಮಾತ್ರ ತೆರೆಯದಿದ್ದರೆ ಅದನ್ನು ಅದೇ ಡ್ರೈವಿನ ಬೇರೆ ಜಾಗದಿಂದ ಕಟ್ ಮಾಡಿ ತಂದಿರಬಹುದು. ಕಟ್ ಮಾಡಿದ ಫೈಲ್ ಹಳೆಯ ಮನೆಯ ಕಾವಲನ್ನು ಜೊತೆಗೇ ತರುತ್ತದೆ, ಕಾಪಿ ಮಾಡಿದ್ದು ಹೊಸ ಮನೆಯ ನಿಯಮಕ್ಕೆ ಒಗ್ಗುತ್ತದೆ.

ಈಗ ಕರಾರು ಒಂದೇ ಜಾಗದಲ್ಲಿ, ಒಂದೇ ಪ್ರತಿಯಲ್ಲಿ ಇದೆ. ಮೇಲೆ ಹುಡುಗಿ ವರ್ಡ್‌ನಲ್ಲಿ ತೆರೆದಿದ್ದರೆ ಕೆಳಗೆ ಭಾವನವರಿಗೆ ಬೇರೆಯವರು ತಿದ್ದುತ್ತಿದ್ದಾರೆ ಎಂಬ ಸೂಚನೆ ಬರುತ್ತದೆ. ಇ-ಸ್ಟಾಂಪ್ ಕಾಗದ ಹಾಳಾಗದಂತೆ ಕಾಯುವುದು ಈ ಸೂಚನೆಯೇ. ಯಾರೂ ತೆರೆಯದಿದ್ದರೂ ಅದು ಹೋಗದಿದ್ದರೆ, ವರ್ಡ್ ಅರ್ಧಕ್ಕೆ ನಿಂತುಹೋದಾಗ ಉಳಿದ ~$ ಚಿಹ್ನೆಯ ಗುಪ್ತ ಫೈಲೊಂದು ಅದೇ ಫೋಲ್ಡರಿನಲ್ಲಿರುತ್ತದೆ. ಅದನ್ನು ಅಳಿಸಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಭಾವನವರ ಯಂತ್ರವನ್ನು ಹಿಂದೊಮ್ಮೆ ರಿಪೇರಿಗೆ ಕೊಟ್ಟಾಗ ಅಂಗಡಿಯವರೊಬ್ಬರು ಫೈರ್‌ವಾಲ್ ಪೂರ್ತಿ ಆರಿಸಿ, ಎಸ್‌ಎಂಬಿ1 ಎಂಬ ಹಳೆಯ ಆವೃತ್ತಿಯನ್ನು ಚಾಲೂ ಮಾಡಿ ಕೊಟ್ಟಿದ್ದರು. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ದೇಶದೇಶಗಳ ಕಂಪ್ಯೂಟರುಗಳಿಗೆ ನುಗ್ಗಿದ್ದು ಈ ಎಸ್‌ಎಂಬಿ1ರಲ್ಲಿದ್ದ ಬಿರುಕಿನಿಂದ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಕೆಲಸವೇ ಆಗ ಅಸ್ತವ್ಯಸ್ತವಾಯಿತು. ಬಿರುಕು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಅಕ್ಟೋಬರಿನಿಂದ ವಿಂಡೋಸ್ 10ರ ಹೊಸ ಪ್ರತಿಗಳಲ್ಲಿ ಎಸ್‌ಎಂಬಿ1 ತಾನಾಗಿ ಬರುವುದು ನಿಂತಿತು. ವಿಂಡೋಸ್ 7 ಅಥವಾ ಅದಕ್ಕಿಂತ ಹೊಸ ಎರಡು ಯಂತ್ರಗಳ ನಡುವೆ ಅದರ ಅಗತ್ಯವೇ ಇಲ್ಲ. ಯಾರಾದರೂ ಚಾಲೂ ಮಾಡಿ ಎಂದರೆ ಮಾಡಬೇಡಿ, ಆಗಿದ್ದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಟಿಕ್ ತೆಗೆಯಿರಿ.

ಪ್ರಿಂಟರ್

ಫೋಲ್ಡರ್ ತೆರೆದ ಮೇಲೂ ಪ್ರಿಂಟರ್ ಹಟ ಹಿಡಿಯಬಹುದು. ಮೊದಲು ಯಜಮಾನ ಯಂತ್ರದಿಂದಲೇ ಒಂದು ಟೆಸ್ಟ್ ಪೇಜ್ ತೆಗೆಯಿರಿ. ಅಲ್ಲೇ ಬರದಿದ್ದರೆ ನೆಟ್‌ವರ್ಕನ್ನು ಹುಡುಕಿ ಪ್ರಯೋಜನವಿಲ್ಲ.

ಭಾವನವರಲ್ಲಿ ಟೆಸ್ಟ್ ಪೇಜ್ ಚೆನ್ನಾಗಿ ಬಂತು. ಆದರೆ ಮೇಲಿನಿಂದ ಕಳಿಸಿದ್ದು ಆಫ್‌ಲೈನ್ ಎಂದು ನಿಂತಿತು. ಡೆಸ್ಕ್‌ಟಾಪಿನ ಪ್ರಿಂಟರುಗಳ ಪಟ್ಟಿಯ ಫೋಟೋ ಕಳಿಸಲು ಹೇಳಿದೆ. ಒಂದೇ ಪ್ರಿಂಟರಿನ ಹೆಸರು ಎರಡು ಸಲ ಇತ್ತು, ಎರಡನೆಯದರ ಕೊನೆಗೆ ಆವರಣದಲ್ಲಿ ಕಾಪಿ 1 ಎಂದಿತ್ತು. ನಡೆದದ್ದೇನೆಂದರೆ, ದೀಪಾವಳಿಗೆ ಕೋಣೆ ಗುಡಿಸುವಾಗ ಯುಎಸ್‌ಬಿ ಕೇಬಲ್ ಬಿಚ್ಚಿ ಆಮೇಲೆ ಪಕ್ಕದ ತೂತಿಗೆ ಚುಚ್ಚಿದ್ದರು. ಹಲವು ಪ್ರಿಂಟರುಗಳನ್ನು ವಿಂಡೋಸ್ ತೂತಿನಿಂದಲೇ ಗುರುತಿಸುತ್ತದೆ. ತೂತು ಬದಲಾದರೆ ಹೊಸ ಪ್ರಿಂಟರ್ ಬಂತು ಎಂದು ಇನ್ನೊಂದು ಹೆಸರು ಬರೆದುಕೊಳ್ಳುತ್ತದೆ. ಕೆಳಗೆ ಅಚ್ಚಾಗುತ್ತಿದ್ದದ್ದು ಕಾಪಿ 1ರಲ್ಲಿ. ಹಂಚಿಕೆ ಉಳಿದಿದ್ದು ಹಳೆಯ ಹೆಸರಿನಲ್ಲಿ, ಅದರ ಹಿಂದೆ ಈಗ ಯಾವ ಯಂತ್ರವೂ ಇಲ್ಲ. ಕೇಬಲನ್ನು ಮೊದಲಿನ ತೂತಿಗೇ ಹಾಕಿಸಿ ಕಾಪಿ 1ನ್ನು ಅಳಿಸಿದೆವು. ತೂತಿನ ಪಕ್ಕ ಅಕ್ಕ ಒಂದು ಚೂರು ಕೆಂಪು ಟೇಪ್ ಅಂಟಿಸಿದಳು.

ಹಂಚುವ ಜಾಗ ಪ್ರಿಂಟರ್ ಪ್ರಾಪರ್ಟೀಸ್ ಒಳಗಿನ ಶೇರಿಂಗ್ ಟ್ಯಾಬ್. ಹೆಸರನ್ನು ಚಿಕ್ಕದಾಗಿ, ನಡುವೆ ಖಾಲಿ ಜಾಗ ಬಿಡದೆ ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ. ಲ್ಯಾಪ್‌ಟಾಪಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಮತ್ತು ಕಂಪ್ಯೂಟರಿನ ಹೆಸರು ಬರೆದು ಹೋದರೆ ಫೋಲ್ಡರಿನ ಪಕ್ಕದಲ್ಲೇ ಪ್ರಿಂಟರಿನ ಚಿತ್ರ ಕಾಣುತ್ತದೆ, ಅದರ ಮೇಲೆ ಎರಡು ಸಲ ಒತ್ತಿ. ಇಲ್ಲಿ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದರೆ ಗಾಬರಿ ಬೇಡ. 2021ರ ಮಳೆಗಾಲದಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ದೋಷವೊಂದು ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ಬಯಲಾಯಿತು. ಆ ವರ್ಷದ ಆಗಸ್ಟಿನಿಂದ ನೆಟ್‌ವರ್ಕಿನ ಪ್ರಿಂಟರಿನ ಡ್ರೈವರ್ ಹಾಕಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕೇಬೇಕು.

ಆಗಲೇ ಬಂದ ಇನ್ನೊಂದು ತಲೆನೋವು, 11ಬಿ ಎಂದು ಮುಗಿಯುವ ದೋಷಸಂಖ್ಯೆ. 2021ರ ಸೆಪ್ಟೆಂಬರಿನ ಅಪ್‌ಡೇಟ್ ಯಜಮಾನ ಯಂತ್ರ ಮತ್ತು ಅತಿಥಿ ಯಂತ್ರ ಮುದ್ರಣದ ಬಗ್ಗೆ ಮಾತಾಡುವ ರೀತಿಯನ್ನು ಬಿಗಿಗೊಳಿಸಿತು. ಒಂದು ಯಂತ್ರ ಅಪ್‌ಡೇಟ್ ಆಗಿ ಇನ್ನೊಂದು ಹಿಂದುಳಿದಿದ್ದರೆ ಮಾತು ಕೂಡುವುದಿಲ್ಲ. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿ ಆ ಬಿಗಿಯನ್ನೇ ತೆಗೆಯುವ ಉಪಾಯವನ್ನು ಬಹಳ ಜನ ಹೇಳಿಕೊಡುತ್ತಾರೆ. ಅದು ಬೀಗ ಕಿತ್ತು ಬಾಗಿಲು ತೆರೆದ ಹಾಗೆ. ಮೊದಲು ಎರಡೂ ಯಂತ್ರಗಳ ಅಪ್‌ಡೇಟುಗಳನ್ನು ಪೂರ್ತಿ ಮುಗಿಸಿ. ಆಮೇಲೂ ಬರದಿದ್ದರೆ ಬೇರೆ ದಾರಿಯಿದೆ. ಲ್ಯಾಪ್‌ಟಾಪಿಗೆ ಆ ಪ್ರಿಂಟರಿನ ಡ್ರೈವರನ್ನು ತಯಾರಕರ ತಾಣದಿಂದ ತಂದು ಹಾಕಿ. ಪ್ರಿಂಟರ್ ಸೇರಿಸುವಾಗ ಕೈಯಾರೆ ಸೇರಿಸುತ್ತೇನೆ ಎಂಬುದನ್ನು ಆರಿಸಿ, ಹೊಸ ಪೋರ್ಟ್, ಅದರ ಬಗೆ ಲೋಕಲ್ ಪೋರ್ಟ್ ಎಂದು ಕೊಡಿ. ಪೋರ್ಟಿನ ಹೆಸರು ಕೇಳಿದಾಗ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಪ್ರಿಂಟರಿನ ಹಂಚಿಕೆ ಹೆಸರು, ಇಷ್ಟನ್ನೂ ಸೇರಿಸಿ ಬರೆಯಿರಿ. ಆಗ ಡ್ರೈವರ್ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಸಿದ್ಧವಾದ ಪುಟ ಫೈಲಿನ ಹಾಗೆ ಕೆಳಗಿಳಿದು ಹೋಗುತ್ತದೆ. ಫೋಲ್ಡರ್ ತೆರೆಯುವ ಮನೆಗಳಲ್ಲಿ ಈ ದಾರಿ ಕೈಕೊಟ್ಟಿದ್ದನ್ನು ನಾನು ಕಂಡಿಲ್ಲ.

ಕಳಿಸಿದ ಕೆಲಸ ಸಾಲಿನಲ್ಲೇ ನಿಂತು, ಅಳಿಸಿದರೂ ಹೋಗದಿದ್ದರೆ ಯಜಮಾನ ಯಂತ್ರದ ಸರ್ವೀಸಸ್ ಕಿಟಕಿಯಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರಿಗೆ ಹೋಗಿ ಅಲ್ಲಿರುವ ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರನ್ನಲ್ಲ. ಸ್ಪೂಲರನ್ನು ಮತ್ತೆ ಚಾಲೂ ಮಾಡಿ. ಪ್ರಿಂಟರಿನ ದೀಪ ಮಿಣುಕುತ್ತಾ ಕಾಗದ ಎಳೆಯದಿದ್ದರೆ ಕಾಗದದ ಅಳತೆ ನೋಡಿ. ಲ್ಯಾಪ್‌ಟಾಪಿನ ಡ್ರೈವರ್ ಅಮೆರಿಕದ ಲೆಟರ್ ಅಳತೆ ಇಟ್ಟುಕೊಂಡು, ಟ್ರೇಯಲ್ಲಿ ಎ4 ಅಥವಾ ಲೀಗಲ್ ಇದ್ದರೆ ಪ್ರಿಂಟರ್ ಕಾಯುತ್ತ ಕೂರುತ್ತದೆ. ಪತ್ರ ಬರಹಗಾರರ ಮನೆಯಲ್ಲಿ ಟ್ರೇಯ ಕಾಗದ ದಿನಕ್ಕೆ ಮೂರು ಸಲ ಬದಲಾಗುವುದರಿಂದ ಇದನ್ನು ಮರೆಯುವ ಹಾಗಿಲ್ಲ.

ಹೊಸ ಪ್ರಿಂಟರ್ ಕೊಳ್ಳುವವರಿದ್ದರೆ ವೈಫೈ ಅಥವಾ ನೆಟ್‌ವರ್ಕ್ ಕೇಬಲ್ಲಿನದನ್ನೇ ಕೊಳ್ಳಿ. ಅದು ನೇರವಾಗಿ ರೂಟರಿಗೆ ಸೇರುತ್ತದೆ, ಯಜಮಾನ ಯಂತ್ರವೇ ಬೇಡ.

ನಮ್ಮ ಮನೆಯ ಕೊನೆಯ ತೊಡಕು ಕನ್ನಡದ್ದು. ಮೇಲೆ ಕರಾರು ತೆರೆದ ಹುಡುಗಿ ಮತ್ತೆ ಫೋನ್ ಮಾಡಿದಳು, ಫೈಲ್ ಕೆಟ್ಟುಹೋಗಿದೆ ಎಂದು. ಕನ್ನಡ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಹಣದ ಚಿಹ್ನೆ ಕಾಣುತ್ತಿದ್ದವು. ಫೈಲ್ ಕೆಟ್ಟಿರಲಿಲ್ಲ. ಭಾವನವರು ಬರೆಯುವುದು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ. ಅಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂತಿರುತ್ತವೆ, ಫಾಂಟ್ ಇಲ್ಲದ ಯಂತ್ರದಲ್ಲಿ ಸಂಕೇತಗಳಷ್ಟೇ ಕಾಣುತ್ತವೆ. ಹಂಚಿಕೆ ಫೈಲನ್ನು ಮಾತ್ರ ಒಯ್ಯುತ್ತದೆ, ಫಾಂಟನ್ನು ಒಯ್ಯುವುದಿಲ್ಲ. ಲ್ಯಾಪ್‌ಟಾಪಿಗೂ ನುಡಿ ಹಾಕಿದ ಮೇಲೆ ಅಕ್ಷರಗಳು ಮರಳಿ ಬಂದವು. ಹೊಸ ಪತ್ರಗಳನ್ನು ಯೂನಿಕೋಡಿನಲ್ಲೇ ಬರೆಯಲು ಭಾವನವರನ್ನು ಒಪ್ಪಿಸಿದ್ದೇನೆ. ಇ-ಸ್ಟಾಂಪ್ ಕಾಗದದ ಮೇಲೆ ಹೋಗುವ ಅಂತಿಮ ಪ್ರತಿಯನ್ನು ಮಾತ್ರ ಅವರು ಪಿಡಿಎಫ್ ಮಾಡಿ, ಒಂದು ಸಲ ಓದಿ, ಆಮೇಲೇ ಅಚ್ಚು ಹಾಕುತ್ತಾರೆ.

ಇಷ್ಟೆಲ್ಲ ಸರಿಯಾದ ಮೇಲೂ ಬೆಳಗ್ಗೆ ಕೆಲಸ ಮಾಡಿದ್ದು ಮಧ್ಯಾಹ್ನ ಮಾಡುವುದಿಲ್ಲ ಎಂಬ ದೂರು ಬರಬಹುದು. ಡೆಸ್ಕ್‌ಟಾಪ್ ನಿದ್ದೆಗೆ ಹೋದರೆ ಅದರ ಫೋಲ್ಡರೂ ಪ್ರಿಂಟರೂ ಜೊತೆಗೇ ಮಲಗುತ್ತವೆ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಎಂಬುದನ್ನು ನೆವರ್ ಎಂದು ಬದಲಿಸಿ, ಮಾನಿಟರ್ ಮಾತ್ರ ಆರಲಿ. ಇನ್ನು ಕರೆಂಟು. ಹೋಗಿ ಬಂದಾಗ ರೂಟರ್ ವಿಳಾಸಗಳನ್ನು ಹೊಸದಾಗಿ ಹಂಚಬಹುದು. 20 ಇದ್ದದ್ದು 23 ಆದರೆ ವಿಳಾಸದ ಮೇಲೆ ಕಟ್ಟಿದ್ದೆಲ್ಲ ಮುರಿಯುತ್ತದೆ. ಆದ್ದರಿಂದ ಪರೀಕ್ಷೆಗೆ ಮಾತ್ರ ಸಂಖ್ಯೆ ಬಳಸಿ, ಕಾಯಂ ಜೋಡಣೆಗೆ ಕಂಪ್ಯೂಟರಿನ ಹೆಸರನ್ನೇ ಕೊಡಿ. ಆ ಹೆಸರು 15 ಅಕ್ಷರ ಮೀರದಿರಲಿ, ಎರಡು ಯಂತ್ರಗಳಿಗೂ ಒಂದೇ ಹೆಸರು ಬೇಡ. ಹೆಸರಿನಿಂದ ಸಿಗದೆ ಸಂಖ್ಯೆಯಿಂದ ಮಾತ್ರ ಸಿಗುವ ಮನೆಗಳಲ್ಲಿ ರೂಟರಿನ ಅಡ್ರೆಸ್ ರಿಸರ್ವೇಶನ್ ಪುಟದಲ್ಲಿ ಡೆಸ್ಕ್‌ಟಾಪಿಗೆ ಒಂದು ವಿಳಾಸವನ್ನು ಮೀಸಲಿಟ್ಟುಬಿಡಿ. ಹಾಸನದ ಮನೆಯಲ್ಲಿ ಹಾಗೆಯೇ ಮಾಡಿದ್ದೇವೆ, ರೂಟರಿಗೆ ಒಂದು ಚಿಕ್ಕ ಯುಪಿಎಸ್ಸನ್ನೂ ಇಟ್ಟಿದ್ದೇವೆ. ಮೊನ್ನೆ ಮಳೆಗೆ ಎರಡು ಗಂಟೆ ಕರೆಂಟು ಹೋಗಿ ಬಂದ ಮೇಲೆ ಹುಡುಗಿ ಮಹಡಿಯಿಂದಲೇ ಹನ್ನೆರಡು ಪುಟ ಕಳಿಸಿದಳಂತೆ. ಭಾವನವರು ಅವನ್ನು ಜೋಡಿಸಿ, ಸ್ಟೇಪಲ್ ಹೊಡೆದು, ಮೆಟ್ಟಿಲ ಮೇಲೆ ಇಟ್ಟು ಕೂಗಿ ಹೇಳಿದರಂತೆ.